ಕಿವಿಗೆ ಬಿದ್ದ ನೆರಳು

ಕ್ಷೌರದಂಗಡಿಯ ಪಕ್ಕದ ಗೋಡೆಯ ಮೇಲೆ ಯಾರೋ ಒಂದು ದೊಡ್ಡ ನೀಲಿ ಕಿವಿ ಬರೆದು ಹೋಗದಿದ್ದರೆ, ಕೋನಪ್ಪನ ಭಾನುವಾರವೂ ಎಲ್ಲರ ಭಾನುವಾರದಂತೆ ಹಾಸಿಗೆಯಲ್ಲೇ ಅರ್ಧ ಕಳೆದುಹೋಗುತ್ತಿತ್ತು.

ಕೋನಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ಕ್ಯಾಮೆರಾ ಕೊಂಡ ಮೇಲೆ ಯಾವುದನ್ನೂ ನೇರವಾಗಿ ನೋಡುವುದನ್ನು ಬಿಟ್ಟಿದ್ದ. ಫೈಲು ಕೊಟ್ಟರೆ ಓರೆಯಾಗಿ ಹಿಡಿದು ನೋಡುವುದು, ಮೆಟ್ಟಿಲು ಕಂಡರೆ ಕುಕ್ಕರುಗಾಲಲ್ಲಿ ಕೂರುವುದು, ಮ್ಯಾನೇಜರರ ಬೋಳುತಲೆಗೆ ಕಿಟಕಿಯ ಬೆಳಕು ತಾಗಿದರೆ "ಆಹಾ, ಎಂಥಾ ಕೋನ!" ಎಂದು ಉದ್ಗರಿಸುವುದು. ಸಹೋದ್ಯೋಗಿಗಳು ಪ್ರೀತಿಯಿಂದ ಕೋನಪ್ಪ ಎಂದು ಕರೆಯತೊಡಗಿದರು. ಅವನು ಎದುರಿಗಿದ್ದಾಗ 'ನ', ಊಟಕ್ಕೆ ಎದ್ದು ಹೋದಾಗ 'ಣ'. ಅಷ್ಟೇ ವ್ಯತ್ಯಾಸ.

ಹೂವು, ಸೂರ್ಯಾಸ್ತ, ಮಕ್ಕಳ ನಗು ಇಂಥವನ್ನು ತೆಗೆಯುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಅವನದು ಸಮಕಾಲೀನ ಛಾಯಾಗ್ರಹಣ. ಸಿಮೆಂಟಿನ ಕಂಬ, ತುಕ್ಕು ಹಿಡಿದ ಷಟರ್, ಮನುಷ್ಯರೇ ಇಲ್ಲದ ಪಾರ್ಕಿಂಗ್ ಜಾಗ. ನಾದಿನಿಯ ಮದುವೆಯಲ್ಲಿ ಅವನು ತೆಗೆದ ರಾಶಿ ಚಿತ್ರಗಳಲ್ಲಿ ನಾದಿನಿ ಒಂದರಲ್ಲೂ ಇರಲಿಲ್ಲ. ಸಭಾಂಗಣದ ಹಿಂಬದಿಯ ಮೆಟ್ಟಿಲು ಮಾತ್ರ ಎಲ್ಲ ದಿಕ್ಕಿನಿಂದಲೂ ಇತ್ತು. ಅಂದಿನಿಂದ ಅತ್ತೆ ಅವನೊಡನೆ ಹವಾಮಾನ ಬಿಟ್ಟರೆ ಬೇರೆ ವಿಷಯ ಎತ್ತಿದವರಲ್ಲ.

ಹೊಸ ಕಲಾಭವನದಲ್ಲಿ ಪ್ರತಿ ವರ್ಷ 'ನಗರ ಮತ್ತು ಗೋಡೆ' ಎಂಬ ಛಾಯಾಚಿತ್ರ ಪ್ರದರ್ಶನ ನಡೆಯುತ್ತಿತ್ತು. ಪ್ರತಿ ವರ್ಷವೂ ಇವನು ಚಿತ್ರ ಒಯ್ಯುತ್ತಿದ್ದ, ಪ್ರತಿ ವರ್ಷವೂ ಅವರು ವಿನಯದಿಂದ ವಾಪಸು ಕಳಿಸುತ್ತಿದ್ದರು. ಈ ಸಲ ಕಚೇರಿಯಲ್ಲಿ ಬಾಯಿ ತಪ್ಪಿ, "ಆಯ್ಕೆ ಆಗದೇ ಇದ್ರೆ ನಾನು ಇನ್ನು ಕ್ಯಾಮೆರಾ ಮುಟ್ಟೋದಿಲ್ಲ" ಎಂದುಬಿಟ್ಟಿದ್ದ. ಮ್ಯಾನೇಜರರು ಆ ಮಾತನ್ನು ಎಲ್ಲರಿಗೂ ಕೇಳಿಸುವಂತೆ ಇನ್ನೊಮ್ಮೆ ಹೇಳಿಸಿದ್ದರು. ಚಿತ್ರ ತೋರಿಸಲು ಆ ಭಾನುವಾರ ಸಂಜೆಯೇ ಕೊನೆ. ಹಿಂದಿನ ದಿನ ಸಂಜೆ ಅವನ ಕಣ್ಣಿಗೆ ಬಿದ್ದದ್ದು ಈ ಕಿವಿ.

ಬೆಳಗ್ಗೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟವನನ್ನು ಹೆಂಡತಿ ಬಾಗಿಲಲ್ಲೇ ತಡೆದಳು.

"ಎಲ್ಲಿಗೆ ಸವಾರಿ?"

"ಒಂದು ಕಿವಿ ಇದೆ ಕಣೇ. ಅದ್ಭುತ ಕಿವಿ."

"ನಿಮಗೇ ಎರಡು ಇದ್ಯಲ್ಲ ರೀ. ನಾನು ಹೇಳೋದನ್ನ ಕೇಳೋಕೆ ಅವು ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ಬರೋವಾಗ ಬಟ್ಟೆ ಸೋಪು ತನ್ನಿ, ಬೇಗ ಬನ್ನಿ."

ಕೋನಪ್ಪ ಬೀದಿಗೆ ಬಂದಾಗ ಕ್ಷೌರಿಕ ಗೋಡೆಯ ಮುಂದೆ ಎರಡು ಬಕೆಟ್ ಇಟ್ಟುಕೊಂಡು ನಿಂತಿದ್ದ. ಒಂದರಲ್ಲಿ ಬಿಳಿ ಬಣ್ಣ ಕಲಸಿತ್ತು, ಇನ್ನೊಂದರಲ್ಲಿ ಬ್ರಷ್ ತೊಳೆಯುವ ನೀರು.

"ಏನ್ ಮಾಡ್ತಿದ್ದೀಯ?" ಕೋನಪ್ಪ ಓಡಿ ಬಂದು ಗೋಡೆಗೆ ಅಡ್ಡ ನಿಂತ.

"ಬಳೀತಿದ್ದೀನಿ ಸಾರ್. ಯಾರೋ ಪುಣ್ಯಾತ್ಮರು ಬೀದಿ ಕಲೆ ಅಂತ ಬರೆದು ಹೋಗಿದ್ದಾರೆ. ಬರೆಯೋರು ಒಂದು ಮೀಸೆ ಬರೀಬಾರದಿತ್ತಾ? ಕ್ಷೌರದಂಗಡಿ ಗೋಡೆ ಮೇಲೆ ಬರೀ ಒಂದು ಕಿವಿ ಇದ್ರೆ ಗಿರಾಕಿಗಳು ಏನು ತಿಳ್ಕೋತಾರೆ? ನಿನ್ನೆ ಒಬ್ಬರು ಕುರ್ಚಿ ಮೇಲೆ ಕೂತು, ಎರಡೂ ಕಿವಿ ಕೈಯಲ್ಲಿ ಮುಚ್ಚಿಕೊಂಡೇ ಕಟಿಂಗ್ ಮಾಡಿಸಿಕೊಂಡ್ರು."

"ಇದು ನಗರದ ಅಂತರಂಗದ ಆಲಿಸುವಿಕೆ ಕಣಯ್ಯಾ!"

"ಇರಬಹುದು ಸಾರ್. ಆದ್ರೆ ಅದು ನನ್ನ ಗೋಡೆ."

ಕಾಡಿ ಬೇಡಿ ಕೋನಪ್ಪ ಸ್ವಲ್ಪ ಹೊತ್ತಿನ ಜೀವದಾನ ಪಡೆದ. ಅವನ ಲೆಕ್ಕಾಚಾರ ಕಿವಿಯೊಂದರ ಮೇಲೇ ನಿಂತಿರಲಿಲ್ಲ. ಬೀದಿಯ ಆಚೆ ಬದಿಗೆ ಆಧುನಿಕ ವಾಸ್ತುಶಿಲ್ಪದ ಒಂದು ವಸತಿ ಕಟ್ಟಡವಿತ್ತು. ಬಣ್ಣ ಕಾಣದ ಸಿಮೆಂಟು, ತೆರೆಯಲಾಗದ ಕಿಟಕಿ, ಮೂಗಿನಂತೆ ಮುಂದೆ ಚಾಚಿದ ತ್ರಿಕೋನ ಬಾಲ್ಕನಿಗಳು. ಅದನ್ನು ಕಟ್ಟಿಸಿದ ವಾಸ್ತುಶಿಲ್ಪಿ ಅದಕ್ಕಾಗಿ ಪ್ರಶಸ್ತಿ ಪಡೆದು ಹೋಗಿದ್ದ. ಅದರೊಳಗೆ ವಾಸಿಸುವ ಶಿಕ್ಷೆಯನ್ನು ಬೇರೆಯವರಿಗೆ ಬಿಟ್ಟಿದ್ದ. ಬಿಸಿಲು ಏರುತ್ತಿದ್ದಂತೆ ಮೊದಲ ಮಹಡಿಯ ಬಾಲ್ಕನಿಯ ನೆರಳು ಗೋಡೆಯ ಮೇಲೆ ಜಾರಿ, ಒಂದು ಗಳಿಗೆ ಆ ಕಿವಿಯ ತುದಿಗೆ ಓಲೆಯಂತೆ ನೇತಾಡುವುದೆಂದು ಅವನು ನಿನ್ನೆಯೇ ಎಣಿಸಿಟ್ಟಿದ್ದ. ನೀಲಿ ಕಿವಿ, ಕಪ್ಪು ಓಲೆ, ಒಂದು ನರಪಿಳ್ಳೆಯೂ ಇಲ್ಲದ ಬೀದಿ. ಅದು ಅವನ ಕನಸಿನ ಚಿತ್ರ.

ಆದರೆ ಇವತ್ತು ಓಲೆಯ ಜಾಗದಲ್ಲಿ ಮಡಿಸಿಟ್ಟ ಹಾಸಿಗೆಯಂಥದ್ದೇನೋ ಕಾಣುತ್ತಿತ್ತು. ಕೋನಪ್ಪ ತಲೆ ಎತ್ತಿ ನೋಡಿದ. ಬಾಲ್ಕನಿಯ ಕಂಬಿಯ ಮೇಲೆ ಒದ್ದೆ ಚಾದರ.

"ನರ್ಸಮ್ಮಾ!" ಎಂದು ಕೂಗಿದ. ನಿವೃತ್ತರಾದರೂ ಧ್ವನಿಯಲ್ಲಿ ಇಡೀ ವಾರ್ಡನ್ನು ಎಬ್ಬಿಸಬಲ್ಲ ನರ್ಸಮ್ಮ ಹೊರಗೆ ಬಂದರು. "ಆ ಚಾದರ ಸ್ವಲ್ಪ ಹೊತ್ತು ತೆಗೀತೀರಾ? ನಿಮ್ಮ ತ್ರಿಕೋನ ಕೆಡ್ತಾ ಇದೆ."

"ನನ್ನ ಏನು ಕೆಡ್ತಾ ಇದೆ?"

"ತ್ರಿಕೋನ. ನಿಮ್ಮ ಬಾಲ್ಕನಿ ಎಷ್ಟು ಸುಂದರ ಅಂತ ನಿಮಗೇ ಗೊತ್ತಿಲ್ಲ."

"ಗೊತ್ತಪ್ಪಾ ಗೊತ್ತು! ಕುರ್ಚಿ ಹಾಕಿದ್ರೆ ನಾನು ನಿಲ್ಲಂಗಿಲ್ಲ, ನಾನು ನಿಂತ್ರೆ ಕುರ್ಚಿ ಒಳಗೆ ಹೋಗ್ಬೇಕು. ಮೂಲೆ ಗುಡಿಸೋಕೆ ಪೊರಕೆ ಹೋಗಲ್ಲ, ಹಲ್ಲುಜ್ಜೋ ಬ್ರಷ್ ತಗೊಂಡು ಗುಡಿಸ್ತೀನಿ. ಇಷ್ಟೆಲ್ಲಾ ಅನುಭವಿಸಿ ಒಂದು ಚಾದರ ಒಣಗಿಸೋಕೂ ನಿನ್ನ ಅಪ್ಪಣೆ ಬೇಕಾ? ಕೆಲಸ ಇಲ್ದೋನೇ, ನಿನಗೆ ಏನಾದ್ರೂ ಬಂದು ಬಡೀಬಾರದಾ!" ಎಂದು ದಡಾರನೆ ಒಳಗೆ ಹೋದರು.

ಅಷ್ಟರಲ್ಲಿ ಗಣಿತದ ಮೇಷ್ಟ್ರು ಬಂದರು. ಶಾಲೆ ಅವರನ್ನು ಬಿಟ್ಟು ಬಹಳ ಕಾಲವಾಗಿದ್ದರೂ ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ನೆರಳಿನ ಮುಂದೆ ನಿಂತು, "ಇದು ಸಮದ್ವಿಬಾಹು ಅಲ್ಲಪ್ಪ, ವಿಷಮಬಾಹು" ಎಂದು ಘೋಷಿಸಿದರು. ಕೋನಪ್ಪ ಚಿತ್ರ ತೆಗೆದಾಗಲೆಲ್ಲ ಅವರ ಬೊಟ್ಟು ಅದರೊಳಗೆ ಬಂದು ಯಾವುದಾದರೊಂದು ಭುಜವನ್ನು ತೋರಿಸುತ್ತಿತ್ತು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಕ್ಯಾಮೆರಾವನ್ನು ತೀರಾ ಕೆಳಗಿಟ್ಟರೆ ಬಕೆಟ್ಟಿನ ಮರೆಯಲ್ಲಿ ಚಾದರದ ನೆರಳೂ ಹೋಗುತ್ತದೆ, ಮೇಷ್ಟ್ರ ಬೊಟ್ಟೂ ಹೋಗುತ್ತದೆ. ಹಿಂದುಮುಂದು ನೋಡದೆ ಬೀದಿಯ ನಡುವೆ ಅಂಗಾತ ಮಲಗಿಬಿಟ್ಟ. ಆಗಲೇ ಒಂದು ಮೋಡ ಅಡ್ಡ ಬಂತು. ಕೈ ನಡುಗಬಾರದೆಂದು ಉಸಿರು ಬಿಗಿಹಿಡಿದು, ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿ, ಬಿಸಿಲಿಗಾಗಿ ಕಾದ.

ಬೈದ ಮೇಲೆ ಮನಸ್ಸು ತಡೆಯದೆ ನರ್ಸಮ್ಮ ಮತ್ತೆ ಬಾಲ್ಕನಿಗೆ ಬಂದರು. ಕೆಳಗೆ ನೋಡಿದರೆ, ಬಂದು ಬಡಿಯಲಿ ಎಂದು ಯಾರಿಗೆ ಹೇಳಿದ್ದರೋ ಅವನು ಮರದ ಕೊರಡಿನಂತೆ ಬಿದ್ದಿದ್ದಾನೆ.

"ಅಯ್ಯಯ್ಯೋ, ಬಡೀತಲ್ಲಪ್ಪಾ!" ಎಂದು ಕಿರುಚಿ, ರೋಗಿಗೆ ಹೊದಿಸುವ ಹಳೆಯ ಅಭ್ಯಾಸದಿಂದ ಕಂಬಿಯ ಮೇಲಿನ ಚಾದರವನ್ನೇ ಸೆಳೆದುಕೊಂಡು ಕೆಳಗೆ ಓಡಿದರು.

ಮೋಡ ಸರಿಯಿತು. ಚಾದರವಿಲ್ಲದ ಬಾಲ್ಕನಿಯ ನೆರಳು ಗೋಡೆಯ ಮೇಲೆ ಚೂಪಾಗಿ ಮೂಡಿ, ಮೆಲ್ಲಗೆ ಜಾರಿ, ನೀಲಿ ಕಿವಿಯ ತುದಿಯನ್ನು ಸಮೀಪಿಸಿತು. ಕೋನಪ್ಪ ಕ್ಯಾಮೆರಾ ಎತ್ತಿದ. ಅಷ್ಟರಲ್ಲಿ ನರ್ಸಮ್ಮನ ಎರಡೂ ಅಂಗೈ ಅವನ ಎದೆಯ ಮೇಲೆ ಗುದ್ದಲಿಯಂತೆ ಬಿದ್ದವು.

"ಉಸಿರಾಡ್ತಿಲ್ಲ! ಕುತ್ತಿಗೆಗೆ ಬಿಗಿದಿರೋದನ್ನ ತೆಗೀರಿ!"

ಕ್ಷೌರಿಕ ಓಡಿ ಬಂದು ಕ್ಯಾಮೆರಾ ಕಿತ್ತು ಮೇಷ್ಟ್ರ ಕೈಗೆ ತುರುಕಿದ.

"ನನಗೇನೂ..." ಎಂದ ಕೋನಪ್ಪ.

"ಮಾತಾಡ್ಬೇಡ!" ನರ್ಸಮ್ಮ ಇನ್ನೊಂದು ಗುದ್ದು ಕೊಟ್ಟರು.

"ಉಸಿರಾಡ್ತಿಲ್ಲ ಅಂತೀರಿ, ಮಾತಾಡ್ತಿದ್ದಾನಲ್ಲ?" ಮೇಷ್ಟ್ರಿಗೆ ಉತ್ತರ ತಾಳೆಯಾಗಲಿಲ್ಲ.

"ಕೊನೇ ಗಳಿಗೇಲಿ ಹಾಗೇ ಮೇಷ್ಟ್ರೇ. ಮಾತಾಡ್ತಾ ಮಾತಾಡ್ತಾನೇ ಹೋದೋರನ್ನ ಎಷ್ಟು ಜನಾನ ನೋಡಿದ್ದೀನಿ. ನೀರು ಹಾಕಿ, ನೀರು!"

ಗಾಬರಿಯಲ್ಲಿ ಕ್ಷೌರಿಕ ಒಂದು ಬಕೆಟ್ ಎತ್ತಿ ಸುರಿದ. ಎರಡು ಬಕೆಟ್ಟಿನಲ್ಲಿ ಯಾವುದನ್ನು ಎತ್ತಿದನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೋನಪ್ಪ ತಲೆಯಿಂದ ಸೊಂಟದವರೆಗೆ ಆಗತಾನೇ ಬಳಿದ ಗೋಡೆಯಾದ.

ಸೋಪಿಗಾಗಿ ಕಾದು ಸಾಕಾಗಿ ತಾನೇ ಹೊರಟಿದ್ದ ಅವನ ಹೆಂಡತಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡದ್ದು ಆಗಲೇ.

"ಎದೆ ಗಟ್ಟಿ ಮಾಡ್ಕೊಳ್ಳಮ್ಮ" ಎನ್ನುತ್ತ ಮೇಷ್ಟ್ರು ಕ್ಯಾಮೆರಾವನ್ನು, ಗಂಡನ ಕೊನೆಯ ನೆನಪೆಂಬಂತೆ, ಅವಳ ಕೈಗಿಟ್ಟರು.

ಅವಳು ಬಗ್ಗಿ ನೋಡಿದಳು. "ಏನೂ ಆಗಿಲ್ಲ ಬಿಡಿ. ಇವರು ಹೀಗೇನೇ. ಹೋದ ವಾರ ಲಿಫ್ಟ್‌ನಲ್ಲಿ ಮಲಗಿದ್ರು."

ನರ್ಸಮ್ಮ ನಂಬಬೇಕಲ್ಲ? ಚಾದರ ಹೊದಿಸಿ, ನಾಡಿ ಹಿಡಿದು, ಕಣ್ಣರೆಪ್ಪೆ ಎತ್ತಿ, ನಾಲಗೆ ಹೊರಗೆಳೆದು ನೋಡಿದರು. ಹೆಂಡತಿ ಅಂಗಡಿಯ ಎದುರು ಬದಿಯ ಮೆಟ್ಟಿಲ ಮೇಲೆ ಕ್ಯಾಮೆರಾ ಹಿಡಿದು ನಿಂತು, ಆ ಉಪಚಾರವೆಲ್ಲ ಮುಗಿಯುವವರೆಗೆ ಕಾದಳು.

ಅವನು ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಕಿವಿ ಹೋಗಿತ್ತು. "ನಿಮ್ಮ ಮೇಲೆ ಹೋಗಿದ್ದು ಹೋಗಿ, ಮಿಕ್ಕಿದ್ದರಲ್ಲೇ ಗೋಡೆ ಸರಿಹೋಯ್ತು ಸಾರ್" ಎಂದು ಕ್ಷೌರಿಕ ಸಂತೋಷಪಟ್ಟ.

ಸಂಜೆ ಕಲಾಭವನಕ್ಕೆ ಹೊರಟಾಗ ಹೆಂಡತಿಯೂ ಜೊತೆಗೆ ಬಂದಳು. ಒಬ್ಬನನ್ನೇ ಬಿಡಬೇಡಿ ಎಂದು ನರ್ಸಮ್ಮನ ಕಟ್ಟಪ್ಪಣೆಯಾಗಿತ್ತು. ಕಲಾಭವನವೂ ಆಧುನಿಕವೇ. ಸುತ್ತಲೂ ಗಾಜು, ಬಾಗಿಲು ಯಾವುದೆಂದು ಹೇಳುವುದು ವಾಸ್ತುಶಿಲ್ಪಿಯ ಗೌರವಕ್ಕೆ ಕಡಿಮೆ. ಕೋನಪ್ಪ ಆ ಗಾಜನ್ನು ಮೆಚ್ಚುತ್ತ ಎರಡು ಪ್ರದಕ್ಷಿಣೆ ಹಾಕಿದ. ಒಳಗಿನಿಂದ ಕಸ ತೆಗೆದುಕೊಂಡು ಬಂದವರನ್ನು ಕೇಳಿ ಹೆಂಡತಿ ಬಾಗಿಲು ಪತ್ತೆ ಮಾಡಿದಳು.

ಆಯ್ಕೆ ಸಮಿತಿಯ ಮೇಡಂ ಕನ್ನಡಕ ಏರಿಸಿ, ಕ್ಯಾಮೆರಾದ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಚಾದರದ ನೆರಳು. ಮೇಷ್ಟ್ರ ಬೊಟ್ಟು. ಮತ್ತೆ ಮೇಷ್ಟ್ರ ಬೊಟ್ಟು. ಬಕೆಟ್ಟಿನ ಹಿಡಿ. ಅವರ ಮುಖ ಅವರ ಕಟ್ಟಡದಷ್ಟೇ ನಿರ್ವಿಕಾರವಾಗಿತ್ತು. ಸೋಮವಾರದ ಕಚೇರಿ, ಮ್ಯಾನೇಜರರ ನಗು ಎಲ್ಲವೂ ಕೋನಪ್ಪನ ಕಣ್ಣಮುಂದೆ ಹಾದುಹೋದವು.

ಇದ್ದಕ್ಕಿದ್ದಂತೆ ಮೇಡಂ ಕುರ್ಚಿಯಲ್ಲಿ ನೆಟ್ಟಗಾದರು.

"ಅಬ್ಬಾ! ಇದನ್ನ ತೆಗೆದದ್ದು ಯಾರು?"

ಕೋನಪ್ಪ ಇಣುಕಿದ. ಗೋಡೆಯ ತುಂಬ ನೀಲಿ ಕಿವಿ. ಅದರ ತುದಿಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ನೇತಾಡುವ ಕಪ್ಪು ಓಲೆ. ಕೆಳಗೆ ಚಾದರ ಹೊದ್ದು ಬಾಯಿ ತೆರೆದು ಬಿದ್ದ ಅಚ್ಚ ಬಿಳಿಯ ಮನುಷ್ಯ. ಅವನ ಮೇಲೆ ಬಾಗಿದ ಮೂವರು. ಒಬ್ಬರ ಕೈಯಲ್ಲಿ ಅವನ ನಾಲಗೆ.

ಅವನ ಒಳಗಿನ ಕಲಾವಿದನಿಗೂ ಒಳಗಿನ ಗುಮಾಸ್ತನಿಗೂ ಒಂದು ಕ್ಷಣ ಜಟಾಪಟಿ ನಡೆಯಿತು. ಗೆದ್ದದ್ದು ಇಬ್ಬರಲ್ಲಿ ಯಾರೂ ಅಲ್ಲ.

"ನಾನೇ ಮೇಡಂ" ಎಂದ.

ಮೇಡಂ ಚಿತ್ರವನ್ನು ನೋಡಿದರು. ಅವನ ಹುಬ್ಬಿನಲ್ಲಿ ಒಣಗಿ ಕೂತಿದ್ದ ಬಿಳಿ ಬಣ್ಣವನ್ನು ನೋಡಿದರು. "ಮತ್ತೆ ಈ ಮಲಗಿರೋರು?"

"ಅದು... ನನ್ನ ತಮ್ಮ. ಅವಳಿ."

"ಯಾವ ತಮ್ಮ ರೀ?" ಹೆಂಡತಿ ಹಿಂದಿನಿಂದ ಮುಂದೆ ಬಂದಳು. "ನನಗೊಬ್ಬ ಮೈದುನ ಇದ್ದಾನೆ ಅಂತ ನನಗೆ ಇವತ್ತೇ ಗೊತ್ತಾಗ್ತಿರೋದು. ಮೇಡಂ, ಅದನ್ನ ಒತ್ತಿದ್ದು ನಾನು. ಅಳಿಯಂದಿರು ಭಾನುವಾರ ಏನು ಮಾಡ್ತಾರೆ ಅಂತ ನಮ್ಮಮ್ಮ ಕೇಳ್ತಾನೇ ಇರ್ತಾರೆ. ಬಾಯಲ್ಲಿ ಹೇಳಿದ್ರೆ ನಂಬಲ್ಲ, ತೋರಿಸೋಣ ಅಂತ."

"ಈ ನೆರಳಿಗೆ ಬಹಳ ಹೊತ್ತು ಕಾದಿರಬೇಕು ನೀವು?"

"ಯಾವ ನೆರಳು?" ಎಂದಳು ಅವಳು.

ಮೇಡಂ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ಇದೇ ನೋಡಿ ನಿಜವಾದ ಕಣ್ಣು ಅಂದ್ರೆ! ನಡುಗೋಡೆ ಪೂರ್ತಿ ನಿಮಗೇ ಬಿಟ್ಟುಕೊಡ್ತೀನಿ. ಆದರೆ ಒಂದು ಚಿತ್ರ ಸಾಲದು, ಒಂದು ಸರಣಿ ಬೇಕು. ಇದೇ ಮನುಷ್ಯ, ಹೀಗೇ ಬಿದ್ದಿರಬೇಕು, ಬೇರೆ ಬೇರೆ ಕಟ್ಟಡಗಳ ಮುಂದೆ. ಈ ವಾರದೊಳಗೆ ಆಗುತ್ತಾ?" ಆಮೇಲೆ ಕೋನಪ್ಪನ ಕಡೆ ತಿರುಗಿ, "ನೀವು ಸಹಕರಿಸ್ತೀರಿ ತಾನೇ?" ಎಂದರು. ಉತ್ತರಕ್ಕೆ ಕಾಯಲಿಲ್ಲ.

ಹೊರಗೆ ಬಂದಾಗ ಕ್ಯಾಮೆರಾ ಹೆಂಡತಿಯ ಕೊರಳಲ್ಲಿತ್ತು, ಬರುವಾಗ ದಾರಿಯಲ್ಲಿ ಕೊಂಡ ಸೋಪಿನ ಚೀಲ ಗಂಡನ ಕೈಯಲ್ಲಿ. ಕೋನಪ್ಪ ಒಂದೆರಡು ಸಲ ಕೆಮ್ಮಿ, ಕ್ಯಾಮೆರಾಗಾಗಿ ಕೈ ಚಾಚಿದ. ಅವಳ ಗಮನ ಬೇರೆಲ್ಲೋ ಇತ್ತು. ಕಲಾಭವನದ ಇಳಿಜಾರು ಗಾಜಿನ ಮೇಲೆ ಇಳಿಬಿಸಿಲು ಕೆಂಪಗೆ ಹರಡಿತ್ತು. ಅವಳು ತಲೆಯನ್ನು ಒಂದು ಕಡೆಗೆ ವಾಲಿಸಿ, ಒಂದು ಕಣ್ಣು ಮುಚ್ಚಿ ಅದನ್ನೇ ದಿಟ್ಟಿಸುತ್ತಿದ್ದಳು.

"ರೀ, ಅಲ್ಲಿ ಸ್ವಲ್ಪ ಮಲಗಿ."

"ಇಲ್ಲೇನಾ? ಜನ ಓಡಾಡ್ತಿದ್ದಾರೆ ಕಣೇ."

"ಓಡಾಡ್ಲಿ. ಜನ ಇದ್ರೇನೇ ಚೆನ್ನ."

ಕೋನಪ್ಪ ಚೀಲ ಪಕ್ಕಕ್ಕಿಟ್ಟು ಮಲಗಿದ. ಬಾಯಿ ತೆರೆದ. ನಾಲಗೆಯನ್ನೂ ಸ್ವಲ್ಪ ಚಾಚಿದ. ದಾರಿಹೋಕರು ಒಬ್ಬೊಬ್ಬರಾಗಿ ನಿಂತರು. ಹೆಂಡತಿ ಒಮ್ಮೆ ಒತ್ತಿದಳು, ಪರದೆ ನೋಡಿದಳು, ಮುಖ ಸಿಂಡರಿಸಿದಳು. ಇನ್ನೊಮ್ಮೆ ಒತ್ತಿದಳು, ತಲೆಯಾಡಿಸಿದಳು.

"ಛೆ, ಬೆಳಗ್ಗೆ ಎಷ್ಟು ಚೆನ್ನಾಗಿ ಬಿದ್ದಿದ್ರಿ. ಈಗ ಬರೀ ನಾಟಕ ಮಾಡ್ತಿದ್ದೀರಿ. ಏಳಿ, ಎದ್ದು ಸರಿಯಾಗಿ ಬೀಳಿ."