ಖಾಲಿಯಾಗದ ಮೆತ್ತೆ

ಜಗಳವಾಡಿ ಮುಖ ತಿರುಗಿಸಿಕೊಂಡಿದ್ದ ಎರಡು ಬೆಟ್ಟಗಳ ನಡುವೆ ಓಡಾಡಿ, ಮಾತುಕತೆ ನಡೆಸಿ, ಅವಕ್ಕೆ ಮದುವೆ ಮಾಡಿಸಿದವನು ನಾನು. ಅವಕ್ಕೆ ಹುಟ್ಟಿದ ಗುಡ್ಡ ಈಗ ಶಾಲೆಗೆ ಹೋಗುವ ವಯಸ್ಸಿಗೆ ಬಂದಿದೆ. ನಂಬದವರು ಹೋಗಿ ನೋಡಬಹುದು. ಬೆಳಗ್ಗೆ ಬೇಗ ಹೋಗಬೇಕು, ಆಮೇಲೆ ಅದು ಮನೆಯಲ್ಲಿರುವುದಿಲ್ಲ.

ಇಂಥ ನಾನು ಕೈಹಾಕಿದ ಸಂಬಂಧ ಕೈಕೊಟ್ಟದ್ದು ಒಂದೇ ಒಂದು ಸಲ. ಅದಕ್ಕೆ ಕಾರಣ ಜಾತಕವಲ್ಲ, ಜಗಳವಲ್ಲ, ಒಂದು ಮೆತ್ತೆ.

ಹೆಣ್ಣಿನ ತಂದೆಗೆ ಹಾಸಿಗೆ ಅಂಗಡಿ. ಪರಿಚಯದವರೆಲ್ಲ ಅವನನ್ನು ಹಾಸಿಗೆಯಣ್ಣ ಎಂದೇ ಕರೆಯುವುದು. ಚಿನ್ನದಂಥ ಮನುಷ್ಯ, ಆದರೆ ಒಂದು ಚಟವಿತ್ತು: ಕಂಡ ದಿಂಬು, ಕಂಡ ಹಾಸಿಗೆಯನ್ನೆಲ್ಲ ಒತ್ತಿ ನೋಡದೆ ಇರಲಾರ. ಡಾಕ್ಟರ ಬಳಿ ಹೋದರೆ ತನ್ನ ನಾಡಿ ತೋರಿಸುವ ಮೊದಲು ಅಲ್ಲಿನ ಮಂಚದ ನಾಡಿ ಹಿಡಿಯುತ್ತಿದ್ದ. ಒಮ್ಮೆ ಸಾವಿನ ಮನೆಗೆ ಹೋದವನು ಸತ್ತವರನ್ನು ಮಲಗಿಸಿದ್ದ ಹಾಸಿಗೆಯ ಅಂಚನ್ನು ಹಿಸುಕಿ, "ಹತ್ತಿ ಗಂಟು ಕಟ್ಟಿದೆ, ಪಾಪ, ಇದರ ಮೇಲೆ ಹೇಗೆ ನಿದ್ದೆ ಬರುತ್ತೆ" ಎಂದುಬಿಟ್ಟಿದ್ದ. ಮಗಳಿಗೆ ಬಂದಿದ್ದ ಎರಡು ಸಂಬಂಧಗಳು ಮುರಿದದ್ದೂ ಈ ಚಟದಿಂದಲೇ. ಗಂಡಿನ ಮನೆಗೆ ಹೋಗಿ, ಕೂರಿಸಿದ ಸೋಫಾದ ಹೊಟ್ಟೆಯೊಳಗೆ ಕೈಹಾಕಿ, ಇದು ಅಸಲಿ ಅಲ್ಲ ಎಂದರೆ ಯಾರು ಹೆಣ್ಣು ತರುತ್ತಾರೆ?

ಗಂಡಿನ ತಂದೆಗೆ ಡ್ರೈವಿಂಗ್ ಸ್ಕೂಲ್. ಕಲಿಯುವವರ ಪಕ್ಕದಲ್ಲಿ ಕೂತು ಕೂಗಿ ಕೂಗಿ ಅವರ ಗಂಟಲು ಲಾರಿಯ ಹಾರನ್ನಿನ ಹಾಗಾಗಿತ್ತು. ಅವರು ಗುಟ್ಟು ಹೇಳಿದರೆ ಮೂರು ಬೀದಿಯಾಚೆ ಸೈಕಲ್ಲಿನವರು ಪಕ್ಕಕ್ಕೆ ಸರಿಯುತ್ತಿದ್ದರು. ಹಾರನ್ ಯಜಮಾನರು ಎಂದು ನಾನೇ ಹೆಸರಿಟ್ಟಿದ್ದೆ, ಬೆನ್ನ ಹಿಂದೆ. ಅವರ ಒಬ್ಬನೇ ಮಗ ನೀರು ಸರಬರಾಜಿನ ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುವವನು. ಹಗಲೆಲ್ಲ ನಲ್ಲಿಯಲ್ಲಿ ನೀರು ಬಾರದವರ ಬೈಗುಳ, ಸಂಜೆ ಮನೆಗೆ ಬಂದರೆ ಅಪ್ಪನ ಹಾರನ್. ಹುಡುಗ ಬಾಯಿ ಬಿಡುತ್ತಿರಲಿಲ್ಲ. ಬಹಳ ಗಂಭೀರ ಸ್ವಭಾವ ಎಂದು ನಾನು ಹೆಣ್ಣಿನ ಕಡೆಯವರಿಗೆ ವರ್ಣಿಸಿದ್ದೆ.

ಮನೆಯಲ್ಲಿ ಕೂರಿಸಿದರೆ ತಾನೇ ಸೋಫಾದ ತೊಂದರೆ? ಹಾಗಾಗಿ ಎರಡೂ ಮನೆಯವರನ್ನು ಒಂದು ದಿನದ ಪ್ರವಾಸಿ ಬಸ್ಸಿಗೆ ಹತ್ತಿಸಿದೆ. ಊರಾಚೆ ಹೊಸದಾಗಿ ಹೆಸರಾಗಿದ್ದ ಬೌದ್ಧ ಮಂದಿರ ನೋಡುವುದು, ಐದಕ್ಕೆ ಬಸ್ಸು ಹೊರಡುವುದು, ದಾರಿಯಲ್ಲಿ ಮಾತು ಮುಗಿಸುವುದು. ಹತ್ತುವಾಗಲೇ ಅತ್ತಿಗೆ, ಅಂದರೆ ಹಾಸಿಗೆಯಣ್ಣನ ಹೆಂಡತಿ, ಗಂಡನ ಎರಡೂ ಕೈ ಹಿಡಿದು ಹೇಳಿದ್ದರು:

"ನೋಡಿ, ಇವತ್ತೊಂದು ದಿನ ಏನನ್ನೂ ಮುಟ್ಟಬೇಡಿ. ಇದೂ ಹೋದ್ರೆ ನಿಮ್ಮ ಅಂಗಡಿಗೆ ನಾನೇ ಬೆಂಕಿ ಹಚ್ತೀನಿ."

ಹಾಸಿಗೆಯಣ್ಣ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. ಇಡೀ ದಾರಿ ತೆಗೆಯಲಿಲ್ಲ. ಬಸ್ಸಿನ ಸೀಟು ಎಂಥದ್ದು ಎಂದು ನೋಡಲು ಬೆರಳುಗಳು ಜೇಬಿನೊಳಗೇ ಇಲಿಮರಿಗಳ ಹಾಗೆ ಒದ್ದಾಡುತ್ತಿದ್ದವು.

ಮಂದಿರ ಎಂದರೆ ಗೋಪುರ, ಕಂಬ ಎಂದುಕೊಳ್ಳಬೇಡಿ. ಅದು ಹಿಂದೆ ಕಾರು ನಿಲ್ಲಿಸುತ್ತಿದ್ದ ಐದು ಮಹಡಿಯ ಕಟ್ಟಡ. ಮುಚ್ಚಿಹೋಗಿದ್ದ ಅದನ್ನು ಭಿಕ್ಷುಗಳು ಕೊಂಡು, ಬಳಿದು ಚೊಕ್ಕ ಮಾಡಿ, ಇದ್ದಹಾಗೇ ಉಳಿಸಿಕೊಂಡಿದ್ದರು. ಮೆಟ್ಟಿಲಿಲ್ಲ, ಕಾರು ಹತ್ತುವ ಇಳಿಜಾರಿನಲ್ಲೇ ಸುತ್ತಿ ಸುತ್ತಿ ಮೇಲೆ ಹೋಗಬೇಕು. ನೆಲದ ಹಳದಿ ಗೆರೆಗಳೂ ಬಾಣದ ಗುರುತುಗಳೂ ಹಾಗೇ ಇದ್ದವು. ಎರಡು ಗೆರೆಗಳ ನಡುವೆ, ಕಾರು ನಿಲ್ಲುತ್ತಿದ್ದ ಜಾಗದಲ್ಲಿ, ಒಬ್ಬೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಒಡೆದ ಕಾರುಗಳ ಗಾಜು ಕರಗಿಸಿ ಎರಕ ಹೊಯ್ದ ಬುದ್ಧ. ಬಿಸಿಲು ಅವನ ಎದೆಯಿಂದ ತೂರಿ ಬಂದು ನೆಲದ ಮೇಲೆ ಹಸಿರು ಕೊಳದಂತೆ ಅಲುಗಾಡುತ್ತಿತ್ತು. ಅಷ್ಟು ಹೊಳಪಿಗೆ ನನ್ನ ಜೇಬಿನಲ್ಲಿದ್ದ ಬೀಗದ ಕೈ ಬೆಳ್ಳಿಯಾಗಿಹೋಯಿತು.

ಹಾರನ್ ಯಜಮಾನರು ಮೇಲೆ ಬರಲೇ ಇಲ್ಲ. ಕೆಳಗಿನ ಮಹಡಿಯಲ್ಲೇ ನಿಂತು, ಧ್ಯಾನಕ್ಕೆ ಕೂತವರನ್ನು ನೋಡಿ, ಗೆರೆ ಮುಟ್ಟದ ಹಾಗೆ ಎಷ್ಟು ನೀಟಾಗಿ ನಿಲ್ಲಿಸಿದ್ದಾರೆ ಎಂದು ಮೆಚ್ಚಿಕೊಳ್ಳುತ್ತಿದ್ದರು.

ಉಳಿದ ನಾವೆಲ್ಲ ಮೇಲೆ ಹೋದೆವು. ಗಾಜಿನ ಬುದ್ಧನ ಎದುರಿಗೆ ಒಂದೇ ಒಂದು ಮೆತ್ತೆ, ಅದರ ಮೇಲೆ ಒಬ್ಬ ಮುದುಕಿ. ಹಾಸಿಗೆಯಣ್ಣನ ಕಣ್ಣು ಬುದ್ಧನ ಕಡೆ ಹೋಗಲೇ ಇಲ್ಲ. ಅಂಥ ಮೆತ್ತೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ದುಂಡಗಿತ್ತು, ಹಳೆಯದಿತ್ತು, ಆದರೂ ನಡುವೆ ಎಲ್ಲೂ ತಗ್ಗು ಬಿದ್ದಿರಲಿಲ್ಲ. ಒಳಗೆ ನಾರೋ, ಹತ್ತಿಯೋ, ಬೂರುಗವೋ? ಬಲಗೈ ತಾನಾಗಿಯೇ ಜೇಬಿನಿಂದ ಹೊರಬಂತು. ಮೆತ್ತೆ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದನಲ್ಲ, ಪಾಪ, ಮುಟ್ಟಲಿಲ್ಲ. ಕೇಳೋಣವೆಂದು ಮುದುಕಿಯ ಭುಜವನ್ನು ಮೆಲ್ಲಗೆ ತಟ್ಟಿದ.

ಮುದುಕಿ ಕಣ್ಣು ಬಿಟ್ಟಳು. ಕೈಮುಗಿದಳು. ಎದ್ದು ಪಕ್ಕಕ್ಕೆ ಸರಿದು, ಕೂರು ಎಂದು ಸನ್ನೆ ಮಾಡಿದಳು. ಎಂಥ ಒಳ್ಳೆಯ ಹೆಂಗಸು, ಕೂತೇ ನೋಡಲಿ ಎನ್ನುತ್ತಿದ್ದಾಳೆ ಎಂದುಕೊಂಡು ಹಾಸಿಗೆಯಣ್ಣ ಕೂತ. ಅವನು ಕೂರುವುದೇ ತಡ, ಮುದುಕಿ ಇಳಿಜಾರಿನಲ್ಲಿ ಬ್ರೇಕು ಕಳಚಿದ ಗಾಡಿಯಂತೆ ಇಳಿದು ಮಾಯವಾದಳು.

ಆಗ ಬೂದು ಬಣ್ಣದ ಸ್ವೆಟರ್ ತೊಟ್ಟ ಭಿಕ್ಷುಣಿಯೊಬ್ಬರು ಬಂದು ಅವನಿಗೆ ತಲೆಬಾಗಿ ಪಿಸುದನಿಯಲ್ಲಿ ವಿವರಿಸಿದರು. ಈ ಮಂದಿರದ ಬಾಗಿಲು ತೆರೆದು ಹನ್ನೊಂದು ವರ್ಷ. ಅಂದಿನಿಂದ ಈ ಮೆತ್ತೆ ಒಂದು ಕ್ಷಣವೂ ಖಾಲಿಯಾಗಿಲ್ಲ. ಒಬ್ಬರು ಕೂತಿರುತ್ತಾರೆ, ಇನ್ನೊಬ್ಬರು ಬಂದು ಭುಜ ಮುಟ್ಟಿದರೆ ಎದ್ದು ಜಾಗ ಕೊಡುತ್ತಾರೆ. ಇಲ್ಲಿನ ವ್ರತವೇ ಅದು. ಭಿಕ್ಷುಗಳು ಇದರ ಮೇಲೆ ಕೂರುವ ಹಾಗಿಲ್ಲ, ಕೆಳಗೆ ಧ್ಯಾನದಲ್ಲಿರುವವರನ್ನು ಎಬ್ಬಿಸಿ ಕರೆತರುವ ಹಾಗೂ ಇಲ್ಲ. ಮುಟ್ಟಿದ್ದಕ್ಕೆ ಧನ್ಯವಾದ.

"ಅಮ್ಮಾ, ನಾನು ಪ್ರವಾಸಕ್ಕೆ ಬಂದವನು, ಐದಕ್ಕೆ ಬಸ್ಸಿದೆ" ಎಂದು ಹಾಸಿಗೆಯಣ್ಣ ಪಿಸುಗುಟ್ಟಿದ. "ಯಾರೂ ಬರದೆ ಇದ್ರೆ?"

"ಎದ್ದು ಹೋಗ್ಬಹುದು. ಯಾರೂ ತಡೆಯೋದಿಲ್ಲ, ಯಾರೂ ಬೈಯೋದಿಲ್ಲ" ಎಂದರು ಭಿಕ್ಷುಣಿ ನಗುತ್ತ. "ಹನ್ನೊಂದು ವರ್ಷದ್ದು ನಿಮ್ಮಿಂದ ನಿಂತಿತು ಅಂತಾಗುತ್ತೆ, ಅಷ್ಟೇ."

ಅಷ್ಟೇ ಎಂಬ ಆ ಒಂದು ಮಾತು ಅವನನ್ನು ಮೊಳೆ ಹೊಡೆದು ಕೂರಿಸಿಬಿಟ್ಟಿತು. ಬೈದಿದ್ದರೆ ಎದ್ದು ಓಡುತ್ತಿದ್ದ.

ಅತ್ತಿಗೆ ಬಂದು ನೋಡಿದರು. ಏಳ್ರೀ ಎಂದರು. ಏಳಲಾಗದ ಕಾರಣ ಕೇಳಿ ತಲೆ ಚಚ್ಚಿಕೊಂಡರು. ತಾವೇ ಕೂರೋಣವೆಂದರೆ ಅವರ ಮಂಡಿಗಳು ನೆಲ ಕಂಡು ವರ್ಷಗಳಾಗಿದ್ದವು. ಕೂತರೆ ಎಬ್ಬಿಸಲು ಕ್ರೇನ್ ತರಿಸಬೇಕಿತ್ತು. ಮಗಳು ನಾನು ಕೂರುತ್ತೇನೆ ಎಂದು ಮುಂದೆ ಬಂದಳು. ಗಂಡಿನ ಕಡೆಯವರ ಮುಂದೆ ಹೆಣ್ಣು ಸನ್ಯಾಸಿನಿಯ ಹಾಗೆ ಕಣ್ಣು ಮುಚ್ಚಿ ಕೂರುವುದೇ ಎಂದು ಅತ್ತಿಗೆ ಅವಳನ್ನು ಹಿಂದಕ್ಕೆಳೆದರು.

ನಾನು ಪ್ರವಾಸಿಗಳನ್ನು ಒಬ್ಬೊಬ್ಬರಾಗಿ ಹಿಡಿದು ಬೇಡಿದೆ. ಸಾವಿರ ಜನರನ್ನು ಬೇಡಿದೆ. ಸಾವಿರವಲ್ಲದಿದ್ದರೂ ಬಸ್ಸಿನಲ್ಲಿದ್ದವರನ್ನಂತೂ ಬೇಡಿದೆ. ಒಬ್ಬರಿಗೆ ಸೊಂಟ, ಒಬ್ಬರಿಗೆ ಹಸಿವು, ಒಬ್ಬರಿಗೆ ಹೊಸ ಪ್ಯಾಂಟು. ಆದರೆ ಫೋಟೋ ತೆಗೆಯಲು ಯಾರಿಗೂ ಯಾವ ಕಾಯಿಲೆಯೂ ಇರಲಿಲ್ಲ. ಹಾಸಿಗೆಯಣ್ಣನ ಹಣೆಯಲ್ಲಿ ಬೆವರು ಇಳಿಯುತ್ತಿದ್ದುದನ್ನು ಕಂಡು, ಎಂಥ ತಪಸ್ಸು ನೋಡಿ ಎಂದು ಕ್ಯಾಮೆರಾ ಹಿಡಿದರು.

ನಮ್ಮ ಬಸ್ಸಿನಲ್ಲಿ ಹಲ್ಲಿನ ಡಾಕ್ಟರ ಹೆಂಡತಿಯೊಬ್ಬರು ಇದ್ದರು. ಹಾಸಿಗೆಯಂಗಡಿಯವರು ಮೇಲೆ ಕೂತುಬಿಟ್ಟಿದ್ದಾರೆ ಎಂಬ ಸುದ್ದಿಯನ್ನು ಇಳಿಜಾರಿನಲ್ಲಿ ಉರುಳಿಸಿದವರು ಅವರೇ. ಸುದ್ದಿ ಒಂದೊಂದು ಮಹಡಿ ಇಳಿದ ಹಾಗೂ ದಪ್ಪವಾಯಿತು. ನಾಲ್ಕನೆಯ ಮಹಡಿಯಲ್ಲಿ ಅವನು ವ್ರತ ಹಿಡಿದ. ಮೂರನೆಯದರಲ್ಲಿ ತಲೆ ಬೋಳಿಸಿಕೊಂಡ. ಎರಡನೆಯದರಲ್ಲಿ ಅಂಗಡಿಯ ಹಾಸಿಗೆಗಳನ್ನೆಲ್ಲ ಆಸ್ಪತ್ರೆಗೆ ದಾನ ಕೊಟ್ಟ. ಕೆಳಗೆ ಹಾರನ್ ಯಜಮಾನರ ಕಿವಿಗೆ ಬೀಳುವ ಹೊತ್ತಿಗೆ ಹೆಂಡತಿಗೆ ಕೊನೆಯ ನಮಸ್ಕಾರ ಹೇಳಿ ಸನ್ಯಾಸಿಯಾಗಿಬಿಟ್ಟಿದ್ದ.

ಯಜಮಾನರು ಮೇಲೆ ಬಂದರು. ಅವರು ಏದುಸಿರು ಬಿಟ್ಟ ಸದ್ದಿಗೇ ಗಾಜಿನ ಬುದ್ಧ ಝಣ್ ಎಂದ.

"ಇದೇನ್ರೀ ಇದು. ಮಗಳ ಮದುವೆ ಮಾತಾಡೋಕೆ ಬಂದೋರು ಮಠ ಸೇರ್ತಾ ಇದೀರಾ? ಅಪ್ಪನಿಗೇ ಬ್ರೇಕಿಲ್ಲ ಅಂದ್ರೆ ಮಗಳು ನಾಳೆ ನಮ್ಮನೆಯಿಂದ ಯಾವ ರಸ್ತೆ ಹಿಡೀತಾಳೋ ಯಾರಿಗೆ ಗೊತ್ತು?"

ಭಿಕ್ಷುಣಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಯಜಮಾನರಿಗೆ ಆ ಗುರುತು ಯಾವ ರಸ್ತೆಯಲ್ಲೂ ಕಂಡು ಗೊತ್ತಿರಲಿಲ್ಲ. ಅವರು ಇನ್ನೂ ಜೋರಾಗಿ ಹೇಳಿದರು: ಬಸ್ಸಿನ ಹಾರನ್ ಆಗುವುದರೊಳಗೆ ಈ ಮನುಷ್ಯ ಎದ್ದು ಸೀಟಿನಲ್ಲಿ ಕೂತರೆ ಸಂಬಂಧ ಉಂಟು, ಇಲ್ಲದಿದ್ದರೆ ಇಲ್ಲ.

ಹಾಸಿಗೆಯಣ್ಣ ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ಭಿಕ್ಷುಣಿಯ ಮುಖ ನೋಡಿದ. ಏಳಲು ಹೋದ, ಕೂತ. ಮತ್ತೆ ಏಳಲು ಹೋದ. ಮೆತ್ತೆಯಿಂದ ಒಂದು ಬೆರಳಿನಷ್ಟು ಮೇಲೆದ್ದು ಹನ್ನೊಂದು ವರ್ಷದ ಭಾರಕ್ಕೆ ಮತ್ತೆ ಕುಸಿದ. ಕೆಳಗೆ ಡ್ರೈವರ್ ಇಂಜಿನ್ ಶುರು ಮಾಡಿದ ಸದ್ದು ಕೇಳಿಸಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಗ, ಬೆಳಗ್ಗಿನಿಂದ ಒಂದಕ್ಷರ ಆಡದಿದ್ದ ಹುಡುಗ ಅಪ್ಪನ ಹಿಂದಿನಿಂದ ಬಂದು ಹಾಸಿಗೆಯಣ್ಣನ ಭುಜ ಮುಟ್ಟಿದ.

ಏನು ಹೇಳಲಿ ಆ ಗಳಿಗೆಯನ್ನು! ಹಾಸಿಗೆಯಣ್ಣ ಎದ್ದ, ಜೋಮು ಹಿಡಿದ ಕಾಲು ಕೈಕೊಟ್ಟು ಯಜಮಾನರ ಎದೆಯ ಮೇಲೇ ಬಿದ್ದ. ಬಿದ್ದದ್ದು ಅಪ್ಪುಗೆಯೆಂದು ತಿಳಿದು ಅವರೂ ತಬ್ಬಿಕೊಂಡರು. ಮಾವನಾಗುವವರ ಮರ್ಯಾದೆ ಉಳಿಸಲು ನನ್ನ ಮಗ ತಾನೇ ಕೂತ ನೋಡಿ, ಇಂಥ ಅಳಿಯ ಹುಡುಕಿದರೂ ಸಿಗುತ್ತಾನೆಯೇ ಎಂದು ಅವರ ಕಣ್ಣಲ್ಲಿ ನೀರು. ಅತ್ತಿಗೆಯ ಕಣ್ಣಲ್ಲಿ ನೀರು. ಸಂಬಂಧ ಕುದುರಿತು ಎಂದು ನಾನು ಮೀಸೆಯ ಮೇಲೆ ಕೈಯಾಡಿಸಿದೆ. ದಿನಾ ಕೆಲಸ ಮುಗಿಸಿ ಬಂದು ಸಂಜೆಯ ಪಾಳಿಗೆ ಕೂರುವ ಪೋಸ್ಟ್‌ಮ್ಯಾನ್ ಒಬ್ಬರಿದ್ದಾರೆ, ಇನ್ನೇನು ಬರುತ್ತಾರೆ ಎಂದು ಭಿಕ್ಷುಣಿ ಹೇಳಿದ ಮೇಲಂತೂ ಚಿಂತೆಯೇ ಉಳಿಯಲಿಲ್ಲ. ಮಗಳು ಓಡಿ ಹೋಗಿ ಡ್ರೈವರನನ್ನು ಒಂದು ಗಳಿಗೆ ತಡೆದು ಬಂದಳು.

ಪೋಸ್ಟ್‌ಮ್ಯಾನ್ ಬಂದರು. ಚೀಲ ಇಳಿಸಿದರು. ಹುಡುಗನ ಭುಜ ಮುಟ್ಟಿದರು.

ಹುಡುಗ ಒಂದೇ ಕಣ್ಣು ತೆರೆದು, ಇಲ್ಲವೆಂದು ತಲೆಯಾಡಿಸಿ, ಅದನ್ನೂ ಮುಚ್ಚಿಕೊಂಡ.

ಪೋಸ್ಟ್‌ಮ್ಯಾನ್ ಮತ್ತೊಮ್ಮೆ ಮುಟ್ಟಿದರು. ಹುಡುಗ ಅವರ ಕೈಯನ್ನು ಭುಜದಿಂದ ಮೆಲ್ಲಗೆ ಎತ್ತಿ ಅವರಿಗೇ ವಾಪಸು ಕೊಟ್ಟ. ಹನ್ನೊಂದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು ಎಂದು ಭಿಕ್ಷುಣಿ ಬೆರಗಾದರು. ಪೋಸ್ಟ್‌ಮ್ಯಾನ್ ಮಾತ್ರ ರಜೆ ಸಿಕ್ಕ ಖುಷಿಯಲ್ಲಿ ಚೀಲ ಹೆಗಲಿಗೇರಿಸಿ ಮನೆಗೆ ನಡೆದರು.

"ಏಳೋ, ಬಸ್ಸು ಹೊರಡ್ತಾ ಇದೆ" ಎಂದು ಯಜಮಾನರು ಗುಡುಗಿದರು.

"ಅಪ್ಪಾ" ಎಂದ ಹುಡುಗ, ಕಣ್ಣು ಬಿಡದೆ, ಎಷ್ಟೋ ವರ್ಷದ ಮೇಲೆ ಕಾಲು ಚಾಚಿ ಮಲಗಿದವನ ದನಿಯಲ್ಲಿ. "ಇಲ್ಲಿ ಫೋನಿಲ್ಲ. ಇಲ್ಲಿ ನೀವೂ ಮಾತಾಡೋ ಹಾಗಿಲ್ಲ. ನಾನು ಇಲ್ಲೇ ಇರ್ತೀನಿ."

ಯಜಮಾನರು ಉತ್ತರಕ್ಕೆ ಬಾಯಿ ತೆರೆದರು. ಭಿಕ್ಷುಣಿಯ ಬೆರಳು ತುಟಿಗೆ ಹೋಯಿತು. ಈ ಸಲ ಅವರಿಗೆ ಆ ಗುರುತು ಅರ್ಥವಾಯಿತು.

ಬಸ್ಸು ಒಂದು ಸೀಟು ಖಾಲಿ ಇಟ್ಟುಕೊಂಡು ಹೊರಟಿತು. ಮೆತ್ತೆಯ ಮೇಲೆ ಮೊದಲು ಕೂತವರು ಯಾರು, ನನ್ನ ಮಗನಿಗೆ ದಾರಿ ತೋರಿಸಿದವರು ಯಾರು ಎಂದು ಯಜಮಾನರು ಊರು ಮುಟ್ಟುವವರೆಗೂ ಹಾಸಿಗೆಯಣ್ಣನನ್ನು ಕೇಳುತ್ತಲೇ ಇದ್ದರು. ಅತ್ತಿಗೆ ಚೀಲದಲ್ಲಿ ಬೆಂಕಿಪೆಟ್ಟಿಗೆ ಹುಡುಕುತ್ತಿದ್ದರು. ಹಾಸಿಗೆಯಣ್ಣ ಎರಡೂ ಕೈ ಜೇಬಿನಲ್ಲಿಟ್ಟು, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ ಕೂತಿದ್ದ.

ನಾನು ಎಲ್ಲರನ್ನೂ ಸಮಾಧಾನಪಡಿಸಲು ಹಿಂದಿನ ಸೀಟಿನಿಂದ ಹೇಳುತ್ತಿದ್ದೆ: ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಆ ಮೆತ್ತೆಯ ಮೇಲೆ ನಾನು ಒಂದು ವರ್ಷ ಬೇಕಾದರೂ ರೆಪ್ಪೆ ಮಿಟುಕಿಸದೆ ಕೂರುತ್ತಿದ್ದೆ, ಹಿಂದೆ ಕೂತೂ ಇದ್ದೇನೆ, ತಲೆಯ ಮೇಲೆ ಗುಬ್ಬಿ ಗೂಡು ಕಟ್ಟಿ ಮೂರು ಸಲ ಮರಿ ಮಾಡಿತ್ತು.

ಹುಡುಗಿ ನನ್ನ ಕಡೆ ತಿರುಗಿದಳು.

"ಚಿಕ್ಕಪ್ಪ, ನೀವು ಮಧ್ಯಾಹ್ನದಿಂದ ಅಲ್ಲೇ ಅಪ್ಪನ ಪಕ್ಕ ನಿಂತಿದ್ರಲ್ಲ. ನೀವ್ಯಾಕೆ ಕೂರಲಿಲ್ಲ?"

ನನಗೆ ಮಂಡಿ ನೋವು ಎಂದೆ. ಐದು ಮಹಡಿ ನಮಗಿಂತ ಮುಂಚೆ ಹತ್ತಿದ್ರಿ ಎಂದಳು. ಎಲ್ಲರನ್ನೂ ಕೇಳುವ ಗಡಿಬಿಡಿಯಲ್ಲಿ ನನ್ನನ್ನೇ ಕೇಳಿಕೊಳ್ಳಲು ಮರೆತೆ ಎಂದೆ. ಅಷ್ಟರಲ್ಲಿ ಅತ್ತಿಗೆಯೂ ತಿರುಗಿದರು, ಹಾಸಿಗೆಯಣ್ಣನೂ ತಿರುಗಿದ, ಹಾರನ್ ಯಜಮಾನರು ಕೂಡ ಬಾಯಿ ಮುಚ್ಚಿ ಕಾಯುತ್ತಿದ್ದರು. ಹೇಳಲು ಇನ್ನೊಂದು ಸುಳ್ಳು ಹುಡುಕಿದೆ. ಸಿಗಲಿಲ್ಲ.

"ನಿಮ್ಮಪ್ಪ ಕೂತ್ರೆ ಎಬ್ಬಿಸೋಕೆ ನೀನಿದ್ದೆ, ನಿಮ್ಮಮ್ಮ ಇದ್ರು, ಆ ಹುಡುಗನೂ ಇದ್ದ" ಎಂದೆ. "ನಾನು ಊರಿನವರಿಗೆಲ್ಲ ಮದುವೆ ಮಾಡ್ಸಿ ಒಬ್ನೇ ಉಳಿದೋನು. ನಾನು ಕೂತ್ರೆ ನನ್ನ ಭುಜ ಮುಟ್ಟೋಕೆ ಯಾರೂ ಬರಲ್ಲ ಅಂತ ಹೆದರಿಕೆ ಆಯ್ತಮ್ಮ."