ನನ್ನ ಮೊಮ್ಮಗಳ ಕೊರಿಯಾದ ಅಜ್ಜಿ

ನನ್ನ ಮೊಮ್ಮಗಳಿಗೆ ಕೊರಿಯಾದಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಅವಳೇ ಮೊದಲನೆಯವಳು. ಮೊಮ್ಮಗಳ ಅಪ್ಪನನ್ನು ಹೆತ್ತ ನಾನು, ಮೈಸೂರಿನಿಂದ ವಿಮಾನ ಹತ್ತಿ ನೈರೋಬಿಗೆ ಬಂದು ಕಣ್ಣೆದುರೇ ಕೂತಿದ್ದರೂ, ಎರಡನೆಯವಳು.

ಗಾಬರಿಯಾಗಬೇಡಿ. ಆ ಅಜ್ಜಿ ಇರುವುದು ಪುಸ್ತಕದಲ್ಲಿ. ಮೊಮ್ಮಗಳಿಗೆ ಹದಿನೇಳು. ಓದುವುದೆಲ್ಲ ಒಂದೇ ಜಾತಿಯ ಇಂಗ್ಲಿಷ್ ಕಾದಂಬರಿಗಳು: ಕೊರಿಯಾದವರ ಮಗಳು, ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿಗೂ ಸೇರಲಿಲ್ಲ, ಇಲ್ಲಿಗೂ ಸೇರಲಿಲ್ಲ, ತಾನು ಯಾರೆಂದು ಹುಡುಕುತ್ತಾ ಮುನ್ನೂರು ಪುಟ ಅಲೆಯುತ್ತಾಳೆ. ಈ ಸಲದ ಪುಸ್ತಕದಲ್ಲಿ, ಹುಡುಗಿ ಚಿಕ್ಕವಳಿದ್ದಾಗ ಜೊತೆಗಿದ್ದು ಆಮೇಲೆ ಕೊರಿಯಾಕ್ಕೆ ಮರಳಿದ ಅಜ್ಜಿಯೂ ಇದ್ದಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ಸೊಸೆ ಹೇಳುತ್ತಾಳೆ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಇಂಗ್ಲಿಷು. ಮನೆಗೆಲಸದ ಹೆಂಗಸಿನ ಜೊತೆ ಗಂಟೆಗಟ್ಟಲೆ ಸ್ವಾಹಿಲಿ. ನನ್ನ ಪಾಲಿಗೆ "ಓಕೆ ಅಜ್ಜಿ".

ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಒಲೆ ಬಿಟ್ಟು ಓಡಿ ಬಂದೆ.

"ಏನಾಯ್ತೇ? ಯಾರು ಹೋದ್ರು?"

"ಯಾರೂ ಹೋಗಿಲ್ಲ ಅತ್ತೆ," ಎಂದಳು ಸೊಸೆ. "ಆ ಅಜ್ಜಿ ಕಟ್ಟಿಕೊಟ್ಟ ಊಟದ ಡಬ್ಬೀನ ಹುಡುಗಿ ನಾಚಿಕೆಪಟ್ಕೊಂಡು ಸ್ಕೂಲಲ್ಲಿ ಕಸಕ್ಕೆ ಸುರಿದ್ಲಂತೆ. ಅದಕ್ಕೆ ಅಳು."

ಪಾಪ, ಮೆತ್ತನೆಯ ಮನಸ್ಸು. ಕಣ್ಣೊರೆಸಿಕೊಂಡು ಸ್ಕೂಲಿಗೆ ಹೋದಳು. ನಾನು ಕಟ್ಟಿದ್ದ ಪುಳಿಯೋಗರೆ ಡಬ್ಬಿ ಟೇಬಲ್ ಮೇಲೆಯೇ ಉಳಿದಿತ್ತು. ಮಧ್ಯಾಹ್ನ ನಾನೇ ತಿಂದೆ. ಚೆನ್ನಾಗಿತ್ತು.

ಇನ್ನೊಮ್ಮೆ ಮೊಮ್ಮಗಳು ಆ ಅಜ್ಜಿಯ ಹಾಗೆಯೇ ಎಲೆಕೋಸಿಗೆ ಉಪ್ಪು, ಬೆಳ್ಳುಳ್ಳಿ, ಮೆಣಸಿನಪುಡಿ ಮೆತ್ತಿ ನಾಲ್ಕು ದಿನ ಹುಳಿ ಬರಿಸಿದಳು. ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಕಟ್ಟಡದ ಮೂರು ಮಹಡಿಗೂ ವಾಸನೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಟ್ಟಲು ಖಾಲಿ ಮಾಡಿದಳು. ನನ್ನ ನಿಂಬೆಕಾಯಿ ಉಪ್ಪಿನಕಾಯಿ ಮುಂದೆ ಸರಿಸಿದೆ.

"ನೋ ಅಜ್ಜಿ, ಟೂ ಸ್ಪೈಸಿ."

ಕೊರಿಯಾದ ಖಾರ ಖಾರವಲ್ಲವೇ? ಅಥವಾ ಅಜ್ಜಿ ದೂರವಿದ್ದಷ್ಟೂ ಉಪ್ಪಿನಕಾಯಿಗೆ ರುಚಿಯೇ?

ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ. ಆದರೂ ಕಥೆ ಬಿಡಲಾಗಲಿಲ್ಲ. ಸೊಸೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಆ ಅಜ್ಜಿ ಹೇಗಿದ್ದಾಳೆ?" ಅನ್ನುತ್ತಿದ್ದೆ. ಅಲ್ಲಿ ಹುಡುಗಿಗೆ ಅಜ್ಜಿಯ ಭಾಷೆ ಬಾರದು. ಅಜ್ಜಿಗೆ ವಯಸ್ಸಾಗುತ್ತಿದೆ. ಇಬ್ಬರೂ ಒಂದು ಸಲವಾದರೂ ಕೂತು ಮಾತಾಡುತ್ತಾರೋ ಇಲ್ಲವೋ? ನನಗೆ ಬೇಕಿದ್ದದ್ದೂ ಅಷ್ಟೇ, ನನ್ನ ಮೊಮ್ಮಗಳಿಂದ ಒಂದು ಪೂರ್ತಿ ಮಾತು. ನನ್ನ ವೀಸಾ ಮುಗಿಯುತ್ತಿತ್ತು.

ಹೊರಡುವ ದಿನ ಮಧ್ಯಾಹ್ನ ಅವಳು ಪುಸ್ತಕ ಮುಚ್ಚಿ ಗೋಡೆ ನೋಡುತ್ತಾ ಕೂತಿದ್ದಳು. ಕಣ್ಣು ಊದಿತ್ತು. ಸೊಸೆ ಮನೆಯಲ್ಲಿರಲಿಲ್ಲ.

"ಮುಗೀತಾ? ಆ ಅಜ್ಜಿ ಏನಾದ್ಲು ಹೇಳು. ತಿಳೀದೆ ನಾನು ವಿಮಾನ ಹತ್ತಲ್ಲ."

ನನ್ನ ಮುಖ ನೋಡಿದಳು. ಕಲ್ಲು ಆರಿಸಿ ಅಕ್ಕಿ ಹೆಕ್ಕುವಂತೆ ಒಂದೊಂದೇ ಮಾತು ಹೆಕ್ಕಿದಳು.

"ಅಜ್ಜಿ... ಚೆನ್ನಾಗಿದ್ದಾರೆ. ಹುಡುಗಿ ಅವರ ಮನೆಗೆ ಹೋದ್ಲು. ಅಜ್ಜಿ ಊಟ ಹಾಕಿದ್ರು. ಇಬ್ರೂ ಮಾತಾಡಿದ್ರು."

"ಯಾವ ಭಾಷೇಲಿ?"

"ಅಜ್ಜಿ ಭಾಷೇಲಿ."

ಐದು ಮಾತು. ಎಣಿಸಿದೆ. ಇದನ್ನು ನನ್ನ ಬಾಯಿಂದ ಕೇಳದವರು ಈಗ ಮೈಸೂರಿನ ನಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲ.

ಸಂಜೆ ಎಂಬಕಸಿಯ ಏರ್‌ಪೋರ್ಟ್ ದಾರಿಯಲ್ಲಿ ಜನ ತುಂಬಿದ ಮಟಾಟು ವ್ಯಾನುಗಳ ಹಿಂದೆ ನಮ್ಮ ಕಾರು ಸಿಕ್ಕಿಕೊಂಡಿತು. ಮುಂದೆ ಮಗನ ಪಕ್ಕ ಕೂತಿದ್ದ ಸೊಸೆ ತಿರುಗಿದಳು.

"ಅತ್ತೆ, ನಿಮ್ಮ ಕೊರಿಯಾ ಅಜ್ಜಿ ಪಾಪ, ಹುಡುಗಿ ಹೋಗೋಷ್ಟರಲ್ಲಿ ತೀರಿಕೊಂಡಿರ್ತಾರೆ. ಒಂದು ಮಾತೂ ಆಗಲ್ಲ. ಬೆಳಿಗ್ಗೆ ನಾನೇ ಕೊನೇ ಪುಟ ನೋಡಿದೆ."

ನನ್ನ ಪಕ್ಕದಲ್ಲಿದ್ದ ಮೊಮ್ಮಗಳು ಉಸಿರು ಬಿಗಿಹಿಡಿದಳು. ಆ ಊದಿದ ಕಣ್ಣು ನನಗೆ ಆಗ ಅರ್ಥವಾಯಿತು.

"ನೀನು ನೋಡಿದ್ದು ಬೇರೆ ಪುಸ್ತಕ ಇರಬೇಕು ಕಣಮ್ಮ," ಎಂದೆ.

ಒಂದು ತಣ್ಣನೆಯ ಕೈ ಬಂದು ನನ್ನ ಕೈ ಸೇರಿತು.

"ಹೌದಮ್ಮ," ಎಂದಳು ಮೊಮ್ಮಗಳು ತನ್ನ ತಾಯಿಗೆ, ಕನ್ನಡದಲ್ಲಿ. "ಅದು ಬೇರೆ ಪುಸ್ತಕ."