ಶೇಂಗಾ ಸಿಪ್ಪೆಗೆ ನೀರು ಹೊಡೆದ ಬಾಯ್ಲರ್ ಪಂಡಿತ

ಬಾಯ್ಲರ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹಿರಿಯೂರಿನ ಹೊರಗಿರುವ ಒಂದು ಸಣ್ಣ ಕರೆಂಟ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ ಕಲ್ಲಿದ್ದಲು ಉರಿಸಿದವನು ನಾನು. ಕಲ್ಲಿದ್ದಲು ಉರಿದರೆ ನೀರು ಕುದಿಯುತ್ತದೆ, ಹಬೆ ಏಳುತ್ತದೆ, ಹಬೆ ಟರ್ಬೈನು ತಿರುಗಿಸುತ್ತದೆ, ಕರೆಂಟು ಬರುತ್ತದೆ. ಇದನ್ನು ಮದುವೆ ಮನೆಗಳಲ್ಲಿ ಎಷ್ಟು ಜನಕ್ಕೆ ವಿವರಿಸಿದ್ದೇನೆಂದರೆ, ನಾನು ಪಂಕ್ತಿಯಲ್ಲಿ ಕೂತರೆ ಅಕ್ಕಪಕ್ಕದ ಎಲೆಗಳು ಖಾಲಿ ಉಳಿಯುತ್ತಿದ್ದವು.

ಹೀಗಿರುವಾಗ ನಮ್ಮ ಸಾಹುಕಾರರು ಎಲ್ಲರನ್ನೂ ಕರೆದು, ಇನ್ನು ಮುಂದೆ ಕಲ್ಲಿದ್ದಲು ಬೇಡ, ಶೇಂಗಾ ಸಿಪ್ಪೆ, ತೆಂಗಿನ ಕರಟ, ಹೊಳಲ್ಕೆರೆ ಕಡೆಯ ಮೆಕ್ಕೆಜೋಳದ ಬೆಂಡು ಉರಿಸೋಣ ಎಂದರು. ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಮೇಡಂ ಬಂದು ಎರಡು ತಿಂಗಳು ನಿಂತು ಬಾಯ್ಲರಿನ ಹೊಟ್ಟೆಯನ್ನೇ ಬದಲಾಯಿಸಿದರು. ಕೊನೆಗೆ ನನ್ನನ್ನು ಕರೆದು ಮೆತ್ತಗೆ ಹೇಳಿದರು.

"ಪರೀಕ್ಷೆ ದಿನ ಹಬೆಯ ಒತ್ತಡ ತೋರಿಸೋ ಮುಳ್ಳು ಈ ಹಸಿರು ಗೆರೆ ಮೇಲೆ ಎರಡು ಗಂಟೆ ನಿಲ್ಲಬೇಕು. ನಿಂತರೆ ಬಾಯ್ಲರ್ ನಿಮ್ಮದೇ. ಇಲ್ಲದಿದ್ದರೆ ಸಿಪ್ಪೆ ಉರಿಸಿ ಅಭ್ಯಾಸ ಇರೋರನ್ನ ಬೇರೆ ಕಡೆಯಿಂದ ಕರೆಸಬೇಕಾಗುತ್ತೆ. ನಿಮಗೆ ಗೇಟ್ ಹತ್ತಿರ ಕೆಲಸ ಕೊಡ್ತೀವಿ."

ಮನೆಗೆ ಬಂದು ಹೆಂಡತಿ ಜಯಮ್ಮನಿಗೆ ಹೇಳಿದೆ.

"ರೀ, ಹುಷಾರಾಗಿರ್ರಿ" ಎಂದಳು. "ಗೇಟಿಗೆ ಹಾಕಿದ್ರೆ ನೀವು ಬಂದ ಲಾರಿನೆಲ್ಲ ನಿಲ್ಸ್ಕಂಡು ಬಾಯ್ಲರ್ ಪಾಠ ಹೇಳ್ತೀರ. ಹೈವೇ ತಂಕ ಲೈನ್ ನಿಲ್ತೈತೆ."

"ಲೇ ಜಯ, ಕಲ್ಲನ್ನೇ ಉರಿಸ್ದೋನು ನಾನು. ಸಿಪ್ಪೆ ಯಾವ ಲೆಕ್ಕ?" ಎಂದೆ. ಬಾಯಿ ಹಾಗೆ ಹೇಳಿತೇ ವಿನಾ ಆ ರಾತ್ರಿ ಊಟ ಸೇರಲಿಲ್ಲ. ಆ ಕುಲುಮೆಯ ಬಾಗಿಲನ್ನು ಬೇರೆ ಯಾರೋ ತೆಗೆಯುವುದನ್ನು ನಾನು ಗೇಟಿನ ಬಳಿ ಕೂತು ನೋಡುವುದೆಂದರೆ, ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಪೂಜೆ ಇತ್ತು. ಕೆಲಸದವರ ಮನೆಯವರನ್ನೆಲ್ಲ ಕರೆದಿದ್ದರು. ಶಾಮಿಯಾನ, ಕೇಸರಿಬಾತು, ಬಾಯ್ಲರಿಗೆ ಚೆಂಡುಹೂವಿನ ಹಾರ. ಆದರೆ ನಮ್ಮ ಕಡೆಯ ಗಾಳಿ ಎಂಥದ್ದು ಎಂದು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕೇಳಬೇಕು. ಆಳೆತ್ತರದ ಸಿಪ್ಪೆ ರಾಶಿ ಬೆಳಿಗ್ಗೆ ಎಂಟಕ್ಕೇ ಹಾರತೊಡಗಿ, ಶಾಮಿಯಾನದ ಕುರ್ಚಿಗಳ ಮೇಲೆ ಅತಿಥಿಗಳಿಗಿಂತ ಮೊದಲು ಅದೇ ಕೂತಿತು.

ಇಲ್ಲಿ ನನ್ನ ಇಪ್ಪತ್ತೆರಡು ವರ್ಷದ ವಿದ್ಯೆ ಜಾಗೃತವಾಯಿತು. ಕಲ್ಲಿದ್ದಲಿನ ರಾಶಿಗೆ ನಾವು ದಿನಾ ಬೆಳಿಗ್ಗೆ ನೀರು ಚಿಮುಕಿಸುತ್ತಿದ್ದೆವು. ಧೂಳು ಅಡಗುತ್ತದೆ, ಪುಡಿಯೆಲ್ಲ ಒಂದಕ್ಕೊಂದು ಹಿಡಿದುಕೊಂಡು ಚೆನ್ನಾಗಿ ಉರಿಯುತ್ತದೆ. ಅದು ಕಲ್ಲಿದ್ದಲಿನ ಶಾಸ್ತ್ರ. ನಾನು ಪೈಪು ಎಳೆದುಕೊಂಡು ಬಂದೆ.

ನನ್ನ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುವ ಓಬಳೇಶ ಅನುಮಾನದಿಂದ ನೋಡಿದ. "ಅಣ್ಣ, ಸಿಪ್ಪೆಗೂ ನೀರಾ?"

"ಮನೆ ಮುಂದೆ ನೀರು ಹಾಕ್ದೆ ಯಾರಾದ್ರೂ ನೆಂಟ್ರನ್ನ ಕರೀತಾರೇನಪ್ಪ?"

ಅವನು ಹೋಗಿ ನಲ್ಲಿ ತಿರುಗಿಸಿದ. ನಾನು ಮನಸ್ಸಿಟ್ಟು, ಧಾರಾಳವಾಗಿ, ರಾಶಿಯ ನಾಲ್ಕೂ ಕಡೆ ತಿರುಗಿ ನೀರು ಹೊಡೆದೆ. ಒಂದು ಸಿಪ್ಪೆಯೂ ಮೇಲೇಳಲಿಲ್ಲ. ಎಂಥ ಕೆಲಸ ಮಾಡಿದೆ ಎಂದು ನನ್ನ ಮೇಲೆ ನನಗೇ ಗೌರವ ಬಂತು.

ಪೂಜೆ ಮುಗಿದು ಬೆಂಕಿ ಹಚ್ಚಿದೆವು. ಮೊದಲಿಗೆ ಹಿಂದಿನ ದಿನವೇ ಒಳಗೆ ತಂದಿಟ್ಟಿದ್ದ ಒಣ ಕರಟ. ಗಾಜಿನ ಕಿಂಡಿಯಲ್ಲಿ ಇಣುಕಿ ನೋಡಿದವನು ಹಾಗೇ ನಿಂತುಬಿಟ್ಟೆ. ಕಲ್ಲಿದ್ದಲಿನ ಬೆಂಕಿ ಮುಖ ಊದಿಸಿಕೊಂಡು ಕೆಂಪಗೆ ಕೂತಿರುತ್ತದೆ. ಇದು ಎದ್ದು ನಿಂತಿತ್ತು. ಚಿನ್ನದ ಬಣ್ಣ, ಆಳೆತ್ತರ, ಒಳಗಿಂದ ಗುಂಯ್ ಎನ್ನುವ ಸದ್ದು. ಮುಳ್ಳು ಸರಸರ ಏರಿತು. "ನೋಡ್ರಿ ಮೇಡಂ" ಎಂದೆ, ಬೆಂಕಿಯನ್ನು ನಾನೇ ಕಂಡುಹಿಡಿದವನಂತೆ.

ಆಮೇಲೆ ನನ್ನ ಸಿಪ್ಪೆ ಬಂತು. ಕುಲುಮೆಯೊಳಕ್ಕೆ ಇಳಿಸುವ ಜಾರುದಾರಿಯಲ್ಲಿ ಸರಾಗವಾಗಿ ಇಳಿಯಬೇಕಾದದ್ದು ಮುದ್ದೆಯಾಗಿ ಅಂಟಿಕೊಂಡಿತು. ಉದ್ದನೆಯ ಸಲಾಕೆ ತೆಗೆದುಕೊಂಡು ತಿವಿದೆ. ಅಷ್ಟೂ ಒಂದೇ ಸಲ ದಬಕ್ಕನೆ ಬಿತ್ತು. ಚಿನ್ನದ ಬೆಂಕಿ ಸುಸ್ ಎಂದು ಮಲಗಿತು, ಮುಳ್ಳು ಇಳಿಯತೊಡಗಿತು. ಕಲ್ಲಿದ್ದಲಾದರೆ ದಪ್ಪಗೆ ಹಾಸಿದಷ್ಟೂ ಶಾಖ ನಿಲ್ಲುತ್ತದೆ. ಆದ್ದರಿಂದ ಅದರ ಮೇಲೆ ಇನ್ನಷ್ಟು ಸುರಿಸಿದೆ. ಬಿಳಿ ಹೊಗೆ ಎಲ್ಲೆಲ್ಲಿ ಸಂದಿ ಇತ್ತೋ ಅಲ್ಲೆಲ್ಲ ಹೊರಗೆ ಬಂತು.

ಮೇಡಂ ಕೆಮ್ಮುತ್ತಾ ಒಂದು ಹಿಡಿ ಸಿಪ್ಪೆ ಹಿಂಡಿ ನೋಡಿದರು. ನೀರು ತೊಟ್ಟಿಕ್ಕಿತು. "ರಾತ್ರಿ ಮಳೆ ಬಂದಿತ್ತಾ?"

ನಾನು ಆಕಾಶ ನೋಡಿದೆ. ಒಗೆದು ಹಾಕಿದ ಬಟ್ಟೆಯಷ್ಟು ಸ್ವಚ್ಛವಾಗಿತ್ತು. "ನಮ್ಮ ಕಡೆ ಮಳೆ ಹೇಳಕ್ಕಾಗಲ್ಲ ಮೇಡಂ" ಎಂದೆ. ಅವರ ಹಿಂದೆಯೇ ಓಬಳೇಶ ಪೈಪು ಸುತ್ತುತ್ತಾ ನಿಂತಿದ್ದ.

ಈಗ ಉಳಿದದ್ದು ಒಂದೇ ಉಪಾಯ, ಗಾಳಿ. ಫ್ಯಾನನ್ನು ಪೂರ್ತಿ ಏರಿಸಿದೆ. ಬೆಂಕಿ ಏಳಲಿಲ್ಲ. ಅರೆಬೆಂದ ಸಿಪ್ಪೆಗಳು ಮಾತ್ರ ಎದ್ದು, ಚಿಮಣಿಯಿಂದ ಹೊರಬಿದ್ದು, ಗಾಳಿಗೆ ತೇಲಿ ಶಾಮಿಯಾನದ ಕಡೆ ಮೆಲ್ಲಗೆ ಇಳಿದವು. ಸಾಹುಕಾರರಿಗೆ ಕಣ್ಣು ಸ್ವಲ್ಪ ಮಂಜು. ಕೇಸರಿಬಾತು ಬಾಯಿಗಿಟ್ಟು, "ಕರಿಎಳ್ಳು ಯಾರಪ್ಪ ಹಾಕ್ಸಿದ್ದು?" ಎಂದು ವಿಚಾರಿಸಿದರು.

ಮುಳ್ಳು ಹಸಿರು ಗೆರೆಯಿಂದ ಬಹಳ ಕೆಳಗಿತ್ತು. ಇಪ್ಪತ್ತೆರಡು ವರ್ಷ ನನ್ನ ಮಾತು ಕೇಳಿದ ಬಾಯ್ಲರು ಇವತ್ತು ನನ್ನನ್ನು ಗುರುತೇ ಹಿಡಿಯುತ್ತಿಲ್ಲವಲ್ಲ ಎಂದುಕೊಂಡು ಮತ್ತೆ ಸಲಾಕೆ ಎತ್ತಿಕೊಂಡೆ.

ಆಗ ಹೊಗೆಯೊಳಗಿಂದ ಜಯಮ್ಮ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಕಿಂಡಿಯಲ್ಲಿ ಒಮ್ಮೆ ನೋಡಿದಳು.

"ಇದೇನ್ರಿ, ಪಾಪ, ಉಸಿರು ಕಟ್ಟಿಸ್ಬಿಟ್ಟೀರಲ್ಲ. ಮೊದ್ಲು ಆ ಫ್ಯಾನ್ ಇಳಿಸ್ರಿ."

"ಜಯ, ಇದು ಬಾಯ್ಲರ್ ಕಣೆ. ಬಚ್ಚಲ ಒಲೆ ಅಲ್ಲ."

"ಉರಿಯೋದು ಶೇಂಗಾ ಸಿಪ್ಪೆನೇ ತಾನೆ?" ಎಂದು ರಾಶಿಯ ಕಡೆ ನಡೆದಳು. ಮಾಡದಕೆರೆಯ ತವರಿನಲ್ಲಿ ಲಂಗ ಹಾಕುವ ವಯಸ್ಸಿನಿಂದ ಇದೇ ಸಿಪ್ಪೆ, ಇದೇ ಕರಟ, ಇದೇ ಬೆಂಡು ಹಾಕಿ ಹನ್ನೆರಡು ಜನಕ್ಕೆ ಸ್ನಾನದ ನೀರು ಕಾಯಿಸಿದವಳು. ರಾಶಿಯೊಳಗೆ ಭುಜದವರೆಗೂ ಕೈ ತೂರಿಸಿ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಪುಡಿ ಮಾಡಿದಳು. ಪಟಪಟ ಸದ್ದಾಯಿತು.

"ಒಳಗಿಂದು ಒಣಗೈತೆ. ಮೇಲಿಂದು ಬದಿಗೆ ಸರಿಸ್ರಿ. ಓಬಳೇಶಣ್ಣ, ಮೊದ್ಲು ಕರಟ ಹಾಕಪ್ಪ, ಆಮೇಲೆ ಬೆಂಡು. ಸಿಪ್ಪೆ ಅಷ್ಟಷ್ಟೇ ಉದುರಿಸ್ಬೇಕು. ಅದು ತಿಂದು ಮುಗಿಸಾ ತಂಕ ಇನ್ನೊಂದು ತುತ್ತು ಕೊಡಬ್ಯಾಡ."

ಮೇಡಂ ತಡೆಯಲಿಲ್ಲ. ಜಯಮ್ಮನ ಮಲ್ಲಿಗೆ ಮುಡಿದ ತಲೆಯ ಮೇಲೆ ಒಂದು ಹಳದಿ ಹೆಲ್ಮೆಟ್ ಇಟ್ಟು, ತಾವೂ ಪಕ್ಕದಲ್ಲಿ ನಿಂತರು.

ಬೆಂಕಿ ಮತ್ತೆ ಎದ್ದಿತು. ಹೊಗೆ ಕರಗಿತು, ಮುಳ್ಳು ಹತ್ತಿ ಹಸಿರು ಗೆರೆಯ ಮೇಲೆ ನಿಂತಿತು, ಟರ್ಬೈನಿನ ಸದ್ದು ಏರಿ ಒಂದೇ ಶ್ರುತಿಗೆ ಬಂತು. ಶಾಮಿಯಾನದ ಸೀರಿಯಲ್ ಬಲ್ಬುಗಳು ಹಗಲಿನಲ್ಲೇ ಹತ್ತಿಕೊಂಡವು. ಕಾಳು ತಿಂದು ನಾವು ಉಫ್ ಎಂದು ಊದಿ ಎಸೆಯುವ ಸಿಪ್ಪೆ! ಹೊಲದ ಬದುವಿನಲ್ಲಿ ಗುಡ್ಡೆ ಹಾಕಿ ಮರೆತುಬಿಡುವ ಬೆಂಡು! ಅದು ಇಷ್ಟು ದೊಡ್ಡ ಉಕ್ಕಿನ ಚಕ್ರವನ್ನು ತಿರುಗಿಸುತ್ತಿದೆ. ನನ್ನ ಕಣ್ಣು ತುಂಬಿ ಬಂತು. ಹೊಗೆಯ ಮೇಲೆ ಹಾಕೋಣವೆಂದರೆ ಆಗ ಹೊಗೆಯೂ ಇರಲಿಲ್ಲ. ಎರಡು ಗಂಟೆ ನಾನು ಮುಳ್ಳನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡುತ್ತಾ ನಿಂತಿದ್ದೆ.

ಮೇಡಂ ಬರೆದುಕೊಂಡು ಹೇಳಿದರು: "ಬಾಯ್ಲರ್ ಪಾಸು. ನಿಮ್ಮನ್ನೂ ಇಟ್ಟುಕೊಳ್ತೀವಿ, ಆದರೆ ಎರಡು ವಾರ ತರಬೇತಿ ಮುಗಿಸಬೇಕು. ಮುಗಿದಿದೆ ಅಂತ ಸಹಿ ಬಂದಮೇಲೆ ಕೆಲಸ ಖಾಯಂ."

"ಆಗ್ಲಿ ಮೇಡಂ. ಬೆಂಗಳೂರಿನಲ್ಲಾ?" ಎಂದೆ. ಯಾವ ಸೂಟ್‌ಕೇಸ್ ಒಯ್ಯಬೇಕೆಂದು ಆಗಲೇ ಯೋಚಿಸಿದ್ದೆ.

"ಅಷ್ಟು ದೂರ ಬೇಡ. ನಿಮ್ಮ ಮನೆಯ ಬಚ್ಚಲ ಒಲೆ ಮುಂದೆ" ಎಂದು ಮೇಡಂ ಒಂದು ರಿಜಿಸ್ಟರನ್ನು ಜಯಮ್ಮನ ಕೈಗೆ ಕೊಟ್ಟರು.

ಅಂದಿನಿಂದ ದಿನಾ ಬೆಳಿಗ್ಗೆ ನಾನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಉರಿ ಹಾಕುತ್ತೇನೆ. ಹಿಂದೆ ಕಾಫಿ ಲೋಟ ಹಿಡಿದು ನನ್ನ ಗುರುಗಳು ನಿಂತಿರುತ್ತಾರೆ. ಹದಿನಾಲ್ಕನೆಯ ದಿನ ರಿಜಿಸ್ಟರನ್ನು ಪೆನ್ನಿನ ಮುಚ್ಚಳ ತೆಗೆದೇ ಅವಳ ಮುಂದೆ ಹಿಡಿದೆ. ಅವಳು ಹಂಡೆಯೊಳಗೆ ಬೆರಳಿಟ್ಟು ನೋಡಿ, ಬೂದಿ ಕೆದಕಿ ನೋಡಿ, ಸ್ವಲ್ಪ ಯೋಚಿಸಿ ಬರೆದಳು: "ಕಲೀತಾರೆ. ಇನ್ನೂ ಒಂದು ವಾರ ಬೇಕು."

ಸರ್ಕಾರದ ಬಾಯ್ಲರ್ ಪರೀಕ್ಷೆಯನ್ನು ನಾನು ಒಂದೇ ಸಲಕ್ಕೆ ಪಾಸು ಮಾಡಿದವನು. ಬಚ್ಚಲ ಒಲೆಯಲ್ಲಿ ಇದು ನನ್ನ ಐದನೆಯ ವಾರ.